ಪ್ರಳಯ ಕಂಡ ಮನುಷ್ಯನ ಎಲುಬು: ಸಾಲಮ್ಯಾಂಡರ್ ಹಾಗೂ ಏಡಿಗಳ ಅಧ್ಯಯನದ ಚರಿತ್ರೆ

ಜ್ಯೂರಿಕ್ಕಿನ ವೈದ್ಯ ಯೋಹಾನ್ ಯಾಕೋಬ್ ಶಾಯ್‌ಖ್ಸರ್ 1726ರಲ್ಲಿ ಒಂದು ಪುಸ್ತಿಕೆ ಅಚ್ಚು ಹಾಕಿಸಿದ. ಜರ್ಮನಿಯ ಓನಿಂಗನ್ ಕಲ್ಲುಗಣಿಯಲ್ಲಿ ಹಿಂದಿನ ವರ್ಷ ಸಿಕ್ಕಿದ್ದ ಅಸ್ಥಿಪಂಜರವೇ ಅದರ ವಸ್ತು. ಅಗಲವಾದ ತಲೆ, ದೊಡ್ಡ ಕಣ್ಣುಗುಳಿ, ಕೆಳಗೆ ಸಾಲುಗಟ್ಟಿದ ಬೆನ್ನುಮೂಳೆ. ಬೈಬಲ್ಲಿನ ನೋಹನ ಕಾಲದ ಪ್ರಳಯದಲ್ಲಿ ಮುಳುಗಿ ಸತ್ತ ಪಾಪಿಯೊಬ್ಬನ ಎಲುಬು ಇದು ಎಂದು ಆತ ತೀರ್ಮಾನಿಸಿದ. ಇಟ್ಟ ಹೆಸರು ‘ಹೋಮೋ ಡಿಲುವಿಯೈ ಟೆಸ್ಟಿಸ್’, ಎಂದರೆ ಪ್ರಳಯಕ್ಕೆ ಸಾಕ್ಷಿಯಾದ ಮಾನವ. ಇಂದು ನಗುವುದು ಸುಲಭ. ಆದರೆ ಶಾಯ್‌ಖ್ಸರ್ ದಡ್ಡನಲ್ಲ, ವೈದ್ಯನಾಗಿ ಮನುಷ್ಯನ ಎಲುಬನ್ನು ಬಲ್ಲವನೇ. ಕಲ್ಲನ್ನು ನೋಡುವ ಮೊದಲೇ ಅದರಲ್ಲಿ ಏನು ಕಾಣಬೇಕೆಂದು ಗೊತ್ತಿದ್ದದ್ದೇ ಅವನ ತೊಡಕು.

ಮುಂದೆ ಒಬ್ಬರು ಅದನ್ನು ಮೀನು ಎಂದರು, ಇನ್ನೊಬ್ಬರು ಹಲ್ಲಿಯ ಜಾತಿ ಎಂದರು. 1802ರಲ್ಲಿ ನೆದರ್ಲೆಂಡ್ಸಿನ ಹಾರ್ಲೆಮ್ ಊರಿನ ಟೈಲರ್ಸ್ ಸಂಗ್ರಹಾಲಯ ಆ ಕಲ್ಲನ್ನು ಕೊಂಡುಕೊಂಡಿತು. 1811ರಲ್ಲಿ ಅಲ್ಲಿಗೆ ಬಂದವನು ಪ್ಯಾರಿಸ್ಸಿನ ಅಂಗರಚನಾಶಾಸ್ತ್ರಜ್ಞ ಜಾರ್ಜ್ ಕುವಿಯೇ. ಚಿತ್ರ ನೋಡಿಯೇ ಇದು ಸಾಲಮ್ಯಾಂಡರ್, ಅಂದರೆ ಬಾಲವುಳ್ಳ ಉಭಯಚರ, ಎಂದು ಅವನು ಅದಕ್ಕೂ ಮೊದಲೇ ಹೇಳಿದ್ದ. ಹಾಗಿದ್ದರೆ ಮುಂಗಾಲುಗಳು ಕಲ್ಲಿನೊಳಗೆ ಇಂಥಲ್ಲಿಯೇ ಹುದುಗಿರಬೇಕು ಎಂಬುದು ಅವನ ಲೆಕ್ಕ. ಉಳಿ ಹಿಡಿದು ಕೆತ್ತಿದಾಗ ಅವು ಅಲ್ಲಿಯೇ ಸಿಕ್ಕವು. ತೌಲನಿಕ ಅಂಗರಚನಾಶಾಸ್ತ್ರದ ಇತಿಹಾಸದಲ್ಲಿ ಇಷ್ಟು ನೇರವಾದ ಪರೀಕ್ಷೆಗಳು ಹೆಚ್ಚಿಲ್ಲ: ಮೊದಲು ಊಹೆ, ಆಮೇಲೆ ಉಳಿ. 1837ರಲ್ಲಿ ಚೂಡಿ ಎಂಬ ಸ್ವಿಸ್ ವಿಜ್ಞಾನಿ ಆ ಕುಲಕ್ಕೆ ‘ಆಂಡ್ರಿಯಾಸ್’ ಎಂದು ಹೆಸರಿಟ್ಟ. ಗ್ರೀಕಿನಲ್ಲಿ ಅದಕ್ಕೆ ಮಾನವಪ್ರತಿಮೆ ಎಂದರ್ಥ. ಇಂದಿಗೂ ಚೀನಾ, ಜಪಾನ್‌ಗಳ ಹೊಳೆಗಳಲ್ಲಿರುವ ದೈತ್ಯ ಸಾಲಮ್ಯಾಂಡರ್‌ಗಳು ಆ ಹಳೆಯ ತಪ್ಪಿನ ನೆನಪನ್ನು ಹೆಸರಿನಲ್ಲಿ ಹೊತ್ತಿವೆ.

ಎಲುಬು ಓದುವ ವಿಧಾನ 20ನೇ ಶತಮಾನದಲ್ಲಿ ನಯವಾಯಿತು. ಸಣ್ಣ ಸಾಲಮ್ಯಾಂಡರ್‌ನ ಮಣಿಕಟ್ಟಿನ ಮೂಳೆ ಸಾಸಿವೆಗಿಂತ ಚಿಕ್ಕದು, ಬಿಡಿಸಲು ಹೋದರೆ ಕಳೆದೇ ಹೋಗುತ್ತದೆ. ಆದ್ದರಿಂದ ದೇಹವನ್ನು ಬಿಡಿಸದೆ, ಕಿಣ್ವದಿಂದ ಮಾಂಸವನ್ನು ಪಾರದರ್ಶಕ ಮಾಡಿ, ಮೂಳೆಗೆ ಅಲಿಜರಿನ್ ಕೆಂಪನ್ನೂ ಮೃದ್ವಸ್ಥಿಗೆ ಆಲ್ಸಿಯನ್ ನೀಲಿಯನ್ನೂ ಹತ್ತಿಸಿ ಗ್ಲಿಸರಿನ್‌ನಲ್ಲಿ ಇಡುತ್ತಾರೆ. ಹೀಗೆ ನೋಡುತ್ತ ಹೋದಂತೆ ಬರ್ಕ್ಲಿಯ ಜೀವವಿಜ್ಞಾನಿ ಡೇವಿಡ್ ವೇಕ್‌ನಂಥವರಿಗೆ ಒಂದು ಇಕ್ಕಟ್ಟು ಎದುರಾಯಿತು. ಸಾಲಮ್ಯಾಂಡರ್‌ಗಳಲ್ಲಿ ಒಂದೇ ಬಗೆಯ ಮೂಳೆವಿನ್ಯಾಸ ಬೇರೆಬೇರೆ ವಂಶಗಳಲ್ಲಿ ಮತ್ತೆಮತ್ತೆ ಹುಟ್ಟುತ್ತದೆ. ಹೋಲಿಕೆ ಇದ್ದಮಾತ್ರಕ್ಕೆ ನೆಂಟಸ್ತಿಕೆ ಇರಬೇಕಿಲ್ಲ. ಹೊರಗೆ ಒಂದೇ ಎಂದು ಕಂಡದ್ದು ಒಳಗೆ ಹಲವಾಗಿರಬಹುದು.

ದೈತ್ಯ ಸಾಲಮ್ಯಾಂಡರ್‌ನಲ್ಲಿ ಆದದ್ದು ಅದೇ. ಚೀನಾದಲ್ಲಿರುವುದು ಒಂದೇ ಪ್ರಭೇದ ಎಂಬ ನಂಬಿಕೆ ಗಟ್ಟಿಯಾಗಿತ್ತು. ಆ ನಂಬಿಕೆಯ ಮೇಲೆ ಮಾಂಸಕ್ಕಾಗಿ ಸಾಕಣೆ ಕೇಂದ್ರಗಳು ಎದ್ದವು, ದೂರದೂರದ ಹೊಳೆಗಳ ಪ್ರಾಣಿಗಳನ್ನು ಒಂದೇ ತೊಟ್ಟಿಗೆ ಬಿಟ್ಟರು, ಅವುಗಳ ಮರಿಗಳನ್ನು ‘ಸಂರಕ್ಷಣೆ’ಯ ಹೆಸರಿನಲ್ಲಿ ಮತ್ತೆ ಹೊಳೆಗೂ ಸುರಿದರು. 2018ರಲ್ಲಿ 70 ಕಾಡುಪ್ರಾಣಿಗಳ ಮತ್ತು 1,034 ಸಾಕುಪ್ರಾಣಿಗಳ ಡಿಎನ್‌ಎ ಪರೀಕ್ಷಿಸಿದಾಗ ಕನಿಷ್ಠ ಐದು ಪ್ರಭೇದ ಮಟ್ಟದ ವಂಶಗಳು ಕಂಡವು. ಅದೇ ವರ್ಷ ಪ್ರಕಟವಾದ ಇನ್ನೊಂದು ಸಮೀಕ್ಷೆಯಲ್ಲಿ 97 ಸ್ಥಳಗಳನ್ನು ಹುಡುಕಿದರೂ ಸಿಕ್ಕದ್ದು ನಾಲ್ಕು ಕಡೆ, 24 ಪ್ರಾಣಿಗಳು ಮಾತ್ರ. ಅವುಗಳ ವಂಶವಾಹಿ ಆಯಾ ಹೊಳೆಗೆ ಸೇರಿದ್ದಾಗಿರಲಿಲ್ಲ.

ಹೊಳೆಯಲ್ಲಿ ಸಾಕ್ಷಿ ಅಳಿಸಿಹೋದ ಮೇಲೆ ಎಲ್ಲಿ ಹುಡುಕುವುದು? ಸಂಶೋಧಕರು ಸಂಗ್ರಹಾಲಯಗಳ ಕಪಾಟು ತೆರೆದರು. ಸಾಕಣೆಯ ಗದ್ದಲಕ್ಕೆ ಮೊದಲು ಹಿಡಿದಿಟ್ಟ 17 ಹಳೆಯ ಮಾದರಿಗಳಿಂದ ಡಿಎನ್‌ಎ ತೆಗೆದರು. ಅವುಗಳಲ್ಲಿ ಒಂದು 1920ರ ದಶಕದಲ್ಲಿ ಲಂಡನ್ ಮೃಗಾಲಯದಲ್ಲಿ ಬದುಕಿದ್ದ ಪ್ರಾಣಿ. ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಬುಲಾಂಜೆ 1924ರಲ್ಲಿ ಅದಕ್ಕೆ ‘ಸ್ಲೈಗೋಯ್’ ಎಂದು ಬೇರೆ ಹೆಸರಿಟ್ಟಿದ್ದ, ಉಳಿದವರು ಅದನ್ನು ಒಪ್ಪಿರಲಿಲ್ಲ. 2019ರ ಫಲಿತಾಂಶ ಬುಲಾಂಜೆಯ ಕಡೆ ನಿಂತಿತು. ಸುಮಾರು 1.8 ಮೀಟರ್ ಬೆಳೆಯಬಲ್ಲ ಆ ಪ್ರಭೇದ, ಬದುಕಿರುವ ಉಭಯಚರಗಳಲ್ಲೇ ದೊಡ್ಡದಿರಬಹುದು ಎಂದು ಆ ಸಂಶೋಧಕರ ಅಂದಾಜು. ಈ ಪತ್ತೆಯಲ್ಲಿ ವಂಶವಾಹಿಯ ಪಾತ್ರ ಅರ್ಧ, ಇನ್ನರ್ಧ ಹಿಡಿದ ಜಾಗವನ್ನು ಬರೆದಿಟ್ಟ ಚೀಟಿಗಳದ್ದು ಎಂದು ನನ್ನ ಅಭಿಪ್ರಾಯ.

ಏಡಿಗಳ ಕತೆ ಬೇರೆ. ಅವಕ್ಕೆ ಒಳಗೆ ಎಲುಬಿಲ್ಲ. ಹೊರಚಿಪ್ಪೇ ಅಸ್ಥಿಪಂಜರ, ಬೆಳೆಯುವಾಗ ಅದನ್ನೂ ಅಂಗಿಯಂತೆ ಕಳಚಿಬಿಡುತ್ತವೆ. ಇಲ್ಲಿ ಹಳಬರ ಕಣ್ಣು ಗೆದ್ದ ಪ್ರಸಂಗವೂ ಇದೆ. ಉತ್ತರದ ಶೀತ ಸಮುದ್ರದ ರಾಜ ಏಡಿಯ ಹೊಟ್ಟೆಯ ಭಾಗ ಎಡಬಲ ಸಮವಾಗಿಲ್ಲ. ಇದು ಶಂಖದೊಳಗೆ ಸುರುಳಿಯಾಗಿ ಬದುಕುವ ಸನ್ಯಾಸಿ ಏಡಿಗಳ ಸಂತಾನವೆಂದು ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಬೂವಿಯೇ 19ನೇ ಶತಮಾನದ ಕೊನೆಯಲ್ಲೇ ವಾದಿಸಿದ್ದ. 1992ರಲ್ಲಿ ಮೈಟೊಕಾಂಡ್ರಿಯದ ವಂಶವಾಹಿಯೂ ಅದನ್ನೇ ಹೇಳಿತು.

ಸಾಲಮ್ಯಾಂಡರ್‌ಗೆ ಕನ್ನಡದಲ್ಲಿ ಹೆಸರಿಲ್ಲ, ನಮ್ಮ ನಾಡಿನಲ್ಲಿ ಆ ಪ್ರಾಣಿಯೇ ಇಲ್ಲ. ಅದನ್ನು ಕಾಣಲು ಡಾರ್ಜಿಲಿಂಗಿನ ಕೆರೆಗಳಿಗೆ ಹೋಗಬೇಕು. ಏಡಿ ಹಾಗಲ್ಲ, ಮಳೆಗಾಲದ ಮಲೆನಾಡಿನಲ್ಲಿ ಗದ್ದೆಯ ಬದುವಿನಲ್ಲೇ ಸಿಗುತ್ತದೆ. ಆಲ್ಫ್ರೆಡ್ ಆಲ್ಕಾಕ್ 1910ರಲ್ಲೇ ಕಲ್ಕತ್ತದ ಇಂಡಿಯನ್ ಮ್ಯೂಸಿಯಮ್ಮಿನಿಂದ ಸಿಹಿನೀರಿನ ಏಡಿಗಳ ಪಟ್ಟಿ ಹೊರತಂದರೂ ಘಟ್ಟದ ಬಂಡೆಗಳ ವರ್ಣಮಯ ಏಡಿಗಳಿಗೆ ‘ಘಾಟಿಯಾನ’ ಎಂಬ ಕುಲ ಸಿಕ್ಕದ್ದು 2014ರಲ್ಲಿ. ಇವುಗಳ ಪ್ರಭೇದ ಗುರುತಿಸಲು ಬಣ್ಣ ಸಾಲದು. ಗಂಡಿನ ಹೊಟ್ಟೆಮಡಿಕೆಯ ಅಡಿಯಲ್ಲಿರುವ ಮೊದಲ ಜೋಡಿ ಸಂತಾನಾಂಗದ ಆಕಾರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ಉತ್ತರ ಕನ್ನಡದ ಯಲ್ಲಾಪುರ ತಾಲ್ಲೂಕಿನ ಬಾರೆಯಲ್ಲಿ ಅರಣ್ಯ ರಕ್ಷಕ ಪರಶುರಾಮ ಭಜಂತ್ರಿ ಕಂಡ ಬಿಳಿ-ನೇರಳೆ ಏಡಿಗೆ 2022ರಲ್ಲಿ ‘ಘಾಟಿಯಾನ ದ್ವಿವರ್ಣ’ ಎಂಬ ಹೆಸರು ಬಂತು. ಅದನ್ನು ವಿವರಿಸಿದ ಪ್ರಬಂಧದ ಲೇಖಕರಲ್ಲಿ ಅವರ ಹೆಸರೂ ಇದೆ.