ಹಳೆಯ ಟ್ರಕ್ಕಿನ ಮೊದಲ ಬಣ್ಣ: ಚೀಟಿ, ಫಲಕ ಮತ್ತು ಪದರಗಳ ಸಾಕ್ಷ್ಯ

1947ರ ಬೇಸಿಗೆಯಲ್ಲಿ ಷೆವರ್ಲೆ ಕಂಪನಿ ಅಮೆರಿಕದಲ್ಲಿ ‘ಅಡ್ವಾನ್ಸ್ ಡಿಸೈನ್’ ಟ್ರಕ್ಕುಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಕೊಳ್ಳುವವರು ಬಣ್ಣದ ಮಾತೇ ಎತ್ತದಿದ್ದರೆ ಸಿಗುತ್ತಿದ್ದುದು ಕಡುಹಸಿರು ಗಾಡಿ. ಕಂಪನಿಯ ಯಾದಿಯಲ್ಲಿ ಆ ಹಸಿರಿನ ಹೆಸರು ಫಾರೆಸ್ಟರ್ ಗ್ರೀನ್. ಬೇರೆ ಬೇಕೆಂದವರಿಗೆ ಸ್ವಿಫ್ಟ್ಸ್ ರೆಡ್, ಕೇಪ್ ಮರೂನ್, ಮ್ಯಾರಿನರ್ ಬ್ಲೂ, ಒಮಾಹಾ ಆರೆಂಜ್, ಜೆಟ್ ಬ್ಲ್ಯಾಕ್ ಮುಂತಾದವು ಇದ್ದವು. ಇಂದು ಇಂಥ ಗಾಡಿಯನ್ನು ಮೊದಲಿದ್ದ ಹಾಗೆ ಮಾಡಿಸಹೊರಟವರು ಬಾಗಿಲ ಕಂಬದ ಮೇಲಿನ ಲೋಹದ ಫಲಕದಲ್ಲಿ ಬಣ್ಣದ ಸಂಖ್ಯೆ ಹುಡುಕುತ್ತಾರೆ. ಅದರಲ್ಲಿ ಸೀರಿಯಲ್ ನಂಬರು ಇದೆ, ಹೊರಬಹುದಾದ ಭಾರವಿದೆ, ಬಣ್ಣವಿಲ್ಲ. ಗ್ಲವ್ ಬಾಕ್ಸ್ ಮುಚ್ಚಳದ ಒಳಮೈಗೆ ಬಣ್ಣದ ಚೀಟಿ ಅಂಟಿಸಿದ ಗಾಡಿಗಳು ಉಂಟು. ಆದರೆ ಎಪ್ಪತ್ತು ವರ್ಷದ ಬಿಸಿಲು, ತೇವ, ಎಣ್ಣೆಗೈಗಳನ್ನು ತಾಳಿ ಉಳಿದ ಕಾಗದ ಅಪರೂಪ.

ಕಾರಿನ ವಿಷಯದಲ್ಲಿ ಕಾಗದಪತ್ರ ಹೇಳಿದ್ದನ್ನು ಬಹುಮಟ್ಟಿಗೆ ನಂಬಬಹುದು. ಟ್ರಕ್ಕಿನ ವಿಷಯದಲ್ಲಿ ಹಾಗಲ್ಲ ಎಂಬುದು ಈ ಲೇಖನದ ವಾದ. ಟ್ರಕ್ಕು ದುಡಿಯುವ ಗಾಡಿ. ಅದರ ಬಾಗಿಲು, ಮಡ್‌ಗಾರ್ಡು, ಬಾನೆಟ್ಟುಗಳು ಬದಲಾಗುತ್ತಲೇ ಇರುತ್ತವೆ. ಆದ್ದರಿಂದ ಬರಹದ ಸಾಕ್ಷ್ಯಕ್ಕಿಂತ ತಗಡಿನ ಮೇಲಿನ ಪದರದ ಸಾಕ್ಷ್ಯಕ್ಕೆ ಹೆಚ್ಚು ತೂಕ ಕೊಡಬೇಕು. ಆ ಪದರವೂ ಪೂರ್ತಿ ನಿಜ ಹೇಳುವುದಿಲ್ಲ, ಅದನ್ನು ಮುಂದೆ ನೋಡೋಣ.

ಪದರವನ್ನು ಓದಲು ಬಣ್ಣದ ಇತಿಹಾಸ ಸ್ವಲ್ಪ ಗೊತ್ತಿರಬೇಕು. 1920ರ ದಶಕದ ಆರಂಭದವರೆಗೂ ಮೋಟಾರು ಗಾಡಿಗೆ ಎಣ್ಣೆ-ವಾರ್ನಿಷ್ ಬಣ್ಣ ಬಳಿದು ಒಣಗಿಸಲು ವಾರಗಳೇ ಹಿಡಿಯುತ್ತಿದ್ದವು. ಡ್ಯೂಪಾಂಟ್ ಮತ್ತು ಜನರಲ್ ಮೋಟರ್ಸ್ ಸೇರಿ ರೂಪಿಸಿದ ‘ಡ್ಯೂಕೋ’ ಎಂಬ ನೈಟ್ರೋಸೆಲ್ಯುಲೋಸ್ ಲ್ಯಾಕರ್ 1924ರ ಮಾದರಿಯ ಓಕ್ಲಂಡ್ ಕಾರುಗಳ ಮೇಲೆ ನೀಲಿಯಾಗಿ ಬಂದಾಗ ಒಣಗುವ ಕಾಲ ಗಂಟೆಗಳಿಗೆ ಇಳಿಯಿತು. ನಮ್ಮ ಗ್ಯಾರೇಜುಗಳಲ್ಲಿ ಯಾವ ಕಂಪನಿಯ ಬಣ್ಣ ಸ್ಪ್ರೇ ಮಾಡಿದರೂ ಡ್ಯೂಕೋ ಎನ್ನುವ ರೂಢಿ ಅಲ್ಲಿಂದಲೇ ಬಂದದ್ದು. ಅದರ ಬೆನ್ನಿಗೇ ಒಲೆಯಲ್ಲಿ ಸುಟ್ಟು ಗಟ್ಟಿ ಮಾಡುವ ಆಲ್ಕಿಡ್ ಎನಾಮೆಲ್‌ಗಳು ಬಂದವು. ಸಂಶೋಧಕನಿಗೆ ಈ ಎರಡರ ವ್ಯತ್ಯಾಸ ಬಹಳ ಉಪಯುಕ್ತ. ಥಿನ್ನರ್‌ನಲ್ಲಿ ಅದ್ದಿದ ಹತ್ತಿ ಒತ್ತಿದರೆ ಲ್ಯಾಕರ್ ಕರಗಿ ಹತ್ತಿಗೆ ಬಣ್ಣ ಹಿಡಿಯುತ್ತದೆ. ಸುಟ್ಟ ಎನಾಮೆಲ್ ಕರಗದೆ ಉಬ್ಬಿ ಸುಕ್ಕುಗಟ್ಟುತ್ತದೆ. ಎನಾಮೆಲ್ ಬಳಸುತ್ತಿದ್ದ ಕಾರ್ಖಾನೆಯ ಗಾಡಿಯ ಮೈಮೇಲೆ ಲ್ಯಾಕರ್ ಸಿಕ್ಕಿತೆಂದರೆ ಯಾರೋ ಆಮೇಲೆ ಬಳಿದದ್ದು ಎಂದೇ ಅರ್ಥ.

ಬಣ್ಣದ ಪುಡಿಯೂ ಕಾಲ ಹೇಳುತ್ತದೆ. ಥ್ಯಾಲೋಸಯನಿನ್ ನೀಲಿ ಮಾರುಕಟ್ಟೆಗೆ ಬಂದದ್ದು 1935ರಲ್ಲಿ, ಅದೇ ಬಗೆಯ ಹಸಿರು 1938ರಲ್ಲಿ. 1932ರ ಟ್ರಕ್ಕಿನ ತಳಪದರ ಎಂದು ತೋರಿಸುವ ಚೂರಿನಲ್ಲಿ ಇವು ಪತ್ತೆಯಾದರೆ ಆ ವಾದ ಅಲ್ಲಿಗೆ ಮುಗಿಯಿತು.

ಇನ್ನು ಫಲಕ. 1960ರ ದಶಕದ ಫೋರ್ಡ್ ಎಫ್-100ರಲ್ಲಿ ಬಣ್ಣಕ್ಕೆ ಸಂಕೇತಾಕ್ಷರವಿದೆ: ವಿಂಬಲ್ಡನ್ ವೈಟ್‌ಗೆ ‘ಎಂ’, ರಂಗೂನ್ ರೆಡ್‌ಗೆ ‘ಜೆ’. ತೊಡಕು ಏನೆಂದರೆ ಆ ಫಲಕ ಇರುವುದು ಚಾಲಕನ ಬಾಗಿಲ ಮೇಲೆ. ಬಾಗಿಲು ಬೇರೆ ಗಾಡಿಯಿಂದ ಬಂದದ್ದಾಗಿರಬಹುದು. ಮೂಲ ನೆಲೆಯಿಂದ ಕದಲಿಸಿ ತಂದ ಶಾಸನಕ್ಕೆ ಶಾಸನತಜ್ಞರು ಎಷ್ಟು ಎಚ್ಚರ ವಹಿಸುತ್ತಾರೋ ಈ ಫಲಕಕ್ಕೂ ಅಷ್ಟೇ ಎಚ್ಚರ ಬೇಕು. ಬಣ್ಣದ ಜಾಗ ಖಾಲಿ ಇದ್ದರೆ ನಿರಾಶರಾಗಬೇಕಿಲ್ಲ. ಕಂಪನಿಗಳು ಸಗಟಾಗಿ ತರಿಸಿಕೊಳ್ಳುತ್ತಿದ್ದ ವಿಶೇಷ ಬಣ್ಣದ ಗಾಡಿಗಳ ಫಲಕದಲ್ಲಿ ಹೀಗೆ ಖಾಲಿ ಬಿಡುವ ವಾಡಿಕೆ ಇತ್ತು. ಅಮೆರಿಕದ ದೂರವಾಣಿ ಜಾಲ ಬೆಲ್ ಸಿಸ್ಟಮ್ ದಶಕಗಟ್ಟಲೆ ತನ್ನ ಗಾಡಿಗಳನ್ನು ಮಾಸಲು ಹಸಿರಿನಲ್ಲೇ ಓಡಿಸಿತು. 1969ರಲ್ಲಿ ಸಾಲ್ ಬಾಸ್ ರೂಪಿಸಿದ ಹೊಸ ಲಾಂಛನದ ಜೊತೆಗೆ ಬಿಳಿ ಮೈ ಮತ್ತು ಬಣ್ಣದ ಪಟ್ಟೆಗಳು ಬಂದವು. ಅಂಥ ಗಾಡಿಯ ಮೂಲ ಬಣ್ಣವನ್ನು ಟ್ರಕ್ಕು ತಯಾರಿಸಿದ ಕಂಪನಿಯ ಸಾಮಾನ್ಯ ಯಾದಿಯಲ್ಲಿ ಹುಡುಕಿ ಫಲವಿಲ್ಲ.

ಇಷ್ಟಾದ ಮೇಲೆ ತಗಡಿಗೇ ಬರಬೇಕು. ಎಲ್ಲಿ ನೋಡಬೇಕೆಂಬುದೇ ಅರ್ಧ ವಿದ್ಯೆ. ಡ್ಯಾಶ್‌ಬೋರ್ಡನ್ನು ನೋಡಿ ಹೊರಮೈಯ ಬಣ್ಣ ಹೇಳುವುದು ಸಾಮಾನ್ಯ ತಪ್ಪು. ‘ಅಡ್ವಾನ್ಸ್ ಡಿಸೈನ್’ ಕ್ಯಾಬಿನ್ನಿನ ಒಳಮೈಗೆ ಬೂದು ಛಾಯೆಯ ಬೇರೆಯೇ ಬಣ್ಣವಿತ್ತು. ಹೊರಬಣ್ಣ ಹಾಳಾಗದೆ ಉಳಿಯುವುದು ಮುಂದಿನ ಗಾಜಿನ ರಬ್ಬರಿನ ಕೆಳಗೆ, ಫಲಕದ ಹಿಂದೆ, ಮಡ್‌ಗಾರ್ಡು ಕ್ಯಾಬಿನ್ನಿಗೆ ಕೂಡುವ ಸಂದಿನಲ್ಲಿ. ರಬ್ಬರ್ ತೆಗೆದ ಜಾಗದಲ್ಲಿ ನಾಣ್ಯದಗಲ ವಾಟರ್ ಪೇಪರ್ ಹಿಡಿದು, ನೀರು ಹಾಕುತ್ತ, ನಡುವೆ ಹೆಚ್ಚು ಅಂಚಿಗೆ ಕಡಿಮೆ ಉಜ್ಜಿದರೆ ಪದರಗಳು ಬಳೆಗಳಂತೆ ತೆರೆದುಕೊಳ್ಳುತ್ತವೆ. ನಡುವೆ ಮಿನುಗುವ ಕಬ್ಬಿಣ, ಅದರ ಸುತ್ತ ಇಟ್ಟಿಗೆಗೆಂಪು ಇಲ್ಲವೇ ಬೂದು ಪ್ರೈಮರ್, ಆಮೇಲೆ ಒಂದು ಹಸಿರು, ತೆಳ್ಳನೆಯ ಪುಟ್ಟಿ, ಮತ್ತೊಂದು ಹಸಿರು, ನೀಲಿ. ಎರಡು ಹಸಿರುಗಳಲ್ಲಿ ಕಾರ್ಖಾನೆಯದು ಯಾವುದು? ಅಲ್ಲಿಂದ ಒಂದು ಚೂರು ಎಬ್ಬಿಸಿ ಅಂಚನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಒಂದೇ ದಿನ ಬಳಿದ ಪದರಗಳ ನಡುವೆ ಏನೂ ಇರುವುದಿಲ್ಲ. ವರ್ಷಗಳ ಅಂತರದಲ್ಲಿ ಬಳಿದವುಗಳ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಕಾಣುತ್ತದೆ, ಅದು ರಸ್ತೆಯ ಧೂಳು. ಪುಟ್ಟಿಯ ಮೇಲಿನದು ಕಾರ್ಖಾನೆಯದಲ್ಲವೆಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಉಜ್ಜುವ ಕೆಲಸವನ್ನು ಒಣದಾಗಿ ಮಾಡಲೇಕೂಡದು. ಆ ಕಾಲದ ಹಳದಿ, ಹಸಿರುಗಳಲ್ಲಿ ಸೀಸದ ಕ್ರೋಮೇಟ್ ಇರುವುದು ಸಾಮಾನ್ಯ, ಅದರ ಧೂಳು ವಿಷ.

ಮರೆಯಲ್ಲಿ ಉಳಿದ ಪದರವೇ ಅತ್ಯಂತ ನಂಬಿಕೆಯದು ಎಂಬ ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪಲಾರೆ. ಎಣ್ಣೆ ಮತ್ತು ಆಲ್ಕಿಡ್ ಬಣ್ಣಗಳು ಬೆಳಕಿಲ್ಲದ ಕಡೆ ಹಳದಿಗೆ ತಿರುಗುತ್ತವೆ. ಬಿಳಿ ಕೆನೆಯಾಗುತ್ತದೆ, ನೀಲಿ ಹಸಿರಿನತ್ತ ವಾಲುತ್ತದೆ. ರಬ್ಬರಿನಡಿ ಸಿಕ್ಕ ಮ್ಯಾರಿನರ್ ಬ್ಲೂವನ್ನು ಹಸಿರೆಂದು ಅಳೆದು ಬಿಡುವ ಅಪಾಯ ಇರುವುದು ಇಲ್ಲಿಯೇ. ತೆರೆದ ಚೂರನ್ನು ಕೆಲವು ದಿನ ಹಗಲ ಬೆಳಕಿನಲ್ಲಿ ಇಟ್ಟರೆ ಈ ಹಳದಿ ಭಾಗಶಃ ಇಳಿಯುತ್ತದೆ; ಅಳತೆ ಅದರ ನಂತರವೇ ಸರಿ. ಡ್ಯೂಪಾಂಟ್, ಡಿಟ್ಜ್ಲರ್ ಕಂಪನಿಗಳ ಹಳೆಯ ಬಣ್ಣದ ಕಾರ್ಡುಗಳಿಗೂ ಇದೇ ಗತಿ, ಅವೂ ಮುಚ್ಚಿದ ಪುಸ್ತಕದಲ್ಲಿ ದಶಕಗಟ್ಟಲೆ ಕತ್ತಲಲ್ಲಿ ಕೂತವು. ಹಳೆಯ ಕಾರ್ಡಿಗೆ ಇಂದಿನ ಪುಡಿಗಳಿಂದ ಹೊಂದಿಸಿದ ಬಣ್ಣ ಟ್ಯೂಬ್‌ಲೈಟಿನಲ್ಲಿ ಒಂದೇ ಎನಿಸಿ ಬಿಸಿಲಿಗೆ ತಂದಾಗ ಬೇರೆಯಾಗಿ ಕಾಣುವುದೂ ಉಂಟು. ಹಾಗಾಗಿ ಬಣ್ಣದ ಹೆಸರನ್ನು ಖಚಿತವಾಗಿ ಗುರುತಿಸಬಹುದು, ಛಾಯೆಯನ್ನು ಒಂದು ಮಿತಿಯೊಳಗೆ ಮಾತ್ರ ಹೇಳಬಹುದು.

ಭಾರತದ ಹಳೆಯ ಟ್ರಕ್ಕುಗಳಿಗೆ ಈ ವಿಧಾನವನ್ನು ಅನ್ವಯಿಸುವಾಗ ಇನ್ನೊಂದು ಮಾತು. ಜನರಲ್ ಮೋಟರ್ಸ್ 1928ರಲ್ಲಿ ಮುಂಬಯಿಯಲ್ಲಿ ಜೋಡಣಾ ಘಟಕ ತೆರೆದು 1954ರಲ್ಲಿ ಮುಚ್ಚಿತು. ಬಿಡಿಭಾಗಗಳಾಗಿ ಹಡಗಿನಲ್ಲಿ ಬಂದು ಇಲ್ಲಿ ಜೋಡಣೆಯಾದ ಗಾಡಿಗೆ ಅಮೆರಿಕದ ಯಾದಿಯನ್ನು ಕಣ್ಣುಮುಚ್ಚಿ ಹೊಂದಿಸುವಂತಿಲ್ಲ. ಅದೂ ಅಲ್ಲದೆ ನಮ್ಮಲ್ಲಿ ಲಾರಿ ಎಂದರೆ ಹೆಚ್ಚಾಗಿ ಬರಿಯ ಚಾಸಿ, ಮುಂಭಾಗದ ತಗಡು, ಬಾನೆಟ್ಟು. ಕ್ಯಾಬಿನ್ನನ್ನೂ ಹಿಂದಿನ ತೊಟ್ಟಿಯನ್ನೂ ಊರಿನ ಬಡಗಿಗಳು ಮರದಲ್ಲಿ ಕಟ್ಟಿ ತಮ್ಮದೇ ಬಣ್ಣ ಬಳಿದರು. ಆರ್.ಸಿ. ಪುಸ್ತಕದಲ್ಲಿ ‘ಹಸಿರು’ ಎಂದಿದ್ದರೆ ಅದು ಯಾರ ಹಸಿರು ಎಂದು ತಿಳಿಯುವುದಿಲ್ಲ. ಇಂಥ ಗಾಡಿಯಲ್ಲಿ ಕಾರ್ಖಾನೆಯ ಬಣ್ಣ ಹುಡುಕಬೇಕಾದ್ದು ಎಂಜಿನ್ನಿಗೂ ಚಾಲಕನಿಗೂ ನಡುವಿನ ತಗಡಿನಲ್ಲಿ. ಪೂರ್ತಿ ಕೆರೆದು ಹೊಸ ಬಣ್ಣ ಹೊಡೆಸುವವರು ಆ ತಗಡಿನ ಹಿಂಬದಿಯಲ್ಲಿ ಅಂಗೈಯಗಲ ಜಾಗವನ್ನು ಮುಟ್ಟದೆ ಬಿಟ್ಟು, ಪದರಗಳ ಫೋಟೊವನ್ನು ಗಾಡಿಯ ಕಾಗದಗಳ ಜೊತೆಗೇ ಇಡಬೇಕು. ಇಂದು ಸಿಗದ ಪರೀಕ್ಷೆ ನಾಳೆ ಸಿಕ್ಕರೆ ಮಾಡಲು ಆ ಅಂಗೈಯಗಲ ಸಾಕು.