ಕೊಳೆರೋಗಕ್ಕೆ ಮೈಲುತುತ್ತದ ಮದ್ದು

ಮುಂಗಾರು ಬಲಿತು ಮಂಜು ಕವಿದರೆ ಕೊಡಗಿನ ಕಾಫಿ ಬೆಳೆಗಾರರಿಗೆ ಕೊಳೆರೋಗದ ಚಿಂತೆ. ಎಲೆಗಳು ಕಪ್ಪಾಗಿ ಕೊಳೆತು, ಬೂಷ್ಟಿನ ಎಳೆಗಳಿಗೆ ಅಂಟಿ ಜೋತಾಡುತ್ತವೆ. 1876ರಲ್ಲಿ ಇಂಗ್ಲೆಂಡಿನ ಶಿಲೀಂಧ್ರತಜ್ಞ ಎಂ.ಸಿ. ಕುಕ್ ಇದಕ್ಕೆ ಹೆಸರಿಡುವಾಗ ಕನ್ನಡದ ಮಾತನ್ನೇ ಎತ್ತಿಕೊಂಡು 'ಪೆಲ್ಲಿಕ್ಯುಲೇರಿಯ ಕೊಳೆರೋಗ' ಎಂದರು.

ಹೆಸರೇನೋ ನಮ್ಮದು, ಮದ್ದು ಮಾತ್ರ ಫ್ರಾನ್ಸಿನದು. ಬೋರ್ಡೊ ಸೀಮೆಯ ರೈತರು ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆಯಂಚಿನ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಬೂಜುರೋಗ ತಗಲದ್ದನ್ನು 1882ರಲ್ಲಿ ಸಸ್ಯವಿಜ್ಞಾನಿ ಮಿಲಾರ್ಡೆ ಗಮನಿಸಿದರು. 1885ರಲ್ಲಿ ಬೋರ್ಡೊ ಮಿಶ್ರಣ ಲೋಕಕ್ಕೆ ತಿಳಿಯಿತು.

100 ಲೀಟರ್ ನೀರಿಗೆ ಎರಡೂ 1 ಕಿಲೋ. ಉಜ್ಜಿದ ಕತ್ತಿ ಅದ್ದಿದಾಗ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ತಾಮ್ರ ಎಲೆಯ ಮೇಲೆ ನಿಂತು ಶಿಲೀಂಧ್ರವನ್ನು ತಡೆಯುತ್ತದೆ, ಒಳಹೊಕ್ಕದ್ದನ್ನು ಕೊಲ್ಲಲಾರದು. ಹಾಗಾಗಿ ಮಳೆ ಹಿಡಿಯುವ ಮೊದಲೇ ಔಷಧಿ ಹೊಡೆಯಬೇಕು. ಅಷ್ಟರೊಳಗೆ ಆಳು ಸಿಗದಿದ್ದರೆ ಫಸಲಿಗೆ ಪೆಟ್ಟು.