ಗಣಿತಸಾರಸಂಗ್ರಹದ ಉದಾಹರಣೆಗಳು: ವ್ಯವಹಾರಶಿಕ್ಷಣ ಮತ್ತು ಪಾಠನಿರ್ಣಯ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ರಚಿಸಿದ 'ಗಣಿತಸಾರಸಂಗ್ರಹ'ವು ಜೈನಗಣಿತ ಪರಂಪರೆಯ ಶಿರೋಭೂಷಣ. ಇದರಲ್ಲಿ ಸೂತ್ರವೇ ತಿರುಳು, ಉದಾಹರಣೆಯು ಕೇವಲ ಅಲಂಕಾರ ಎಂದು ಭಾವಿಸುವುದುಂಟು. ಗ್ರಂಥದ ರಚನಾಕ್ರಮವು ಈ ಭಾವನೆಯನ್ನು ಸಮರ್ಥಿಸುವುದಿಲ್ಲ.

ಸಂಜ್ಞಾಧಿಕಾರದಲ್ಲಿ ಆಚಾರ್ಯರು ಲೌಕಿಕ, ವೈದಿಕ, ಸಾಮಯಿಕವೆಂಬ ಸಕಲ ವ್ಯಾಪಾರಗಳಿಗೂ ಗಣಿತವು ಬೇಕೆಂದು ಹೇಳಿ, ಪಾಕ, ವೈದ್ಯ, ವಾಸ್ತು, ಛಂದಸ್ಸುಗಳನ್ನೂ ಹೆಸರಿಸುತ್ತಾರೆ. ಪರಿಕರ್ಮಗಳಿಗೆ ಮೊದಲೇ ಕ್ಷೇತ್ರ, ಕಾಲ, ಧಾನ್ಯ, ಸುವರ್ಣಗಳ ಮಾನಗಳನ್ನು ನಿರೂಪಿಸುತ್ತಾರೆ. ಶಿಷ್ಯನ ಕೈಗೆ ಮೊದಲು ಬರುವುದು ಅಳತೆ, ಸೂತ್ರವು ಅನಂತರ.

ಅಮೋಘವರ್ಷನ ರಾಜ್ಯಕ್ಕೆ ಸೇರಿದ್ದ ಇಂದಿನ ರಾಯಚೂರು ಜಿಲ್ಲೆಯನ್ನು ನೋಡಿದರೆ ಈ ಕ್ರಮದ ಔಚಿತ್ಯವು ಸ್ಪಷ್ಟವಾಗುತ್ತದೆ. 1915ರಲ್ಲಿ ಅಶೋಕನ ಹೆಸರುಳ್ಳ ಶಾಸನವು ದೊರೆತ ಮಸ್ಕಿ, ಪ್ರಾಚೀನ ಗಣಿಗಳ ಕುರುಹುಳ್ಳ ಲಿಂಗಸುಗೂರು ತಾಲ್ಲೂಕಿನ ಹಟ್ಟಿ, ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸಿಂಧನೂರು—ಇವು ಚಿನ್ನದ, ಅಗೆತದ, ಧಾನ್ಯದ ಲೆಕ್ಕವು ನಿತ್ಯವೂ ಬೇಕಾದ ನೆಲಗಳು. ಹತ್ತು ವರ್ಣದ ಎಂಟು ಭಾಗಕ್ಕೆ ಹದಿನಾರು ವರ್ಣದ ನಾಲ್ಕು ಭಾಗ ಚಿನ್ನವನ್ನು ಬೆರೆಸಿದರೆ ಹನ್ನೆರಡು ವರ್ಣವಾಗುವ ಬಗೆಯನ್ನು ಕಲಿಸುವುದು ಮಿಶ್ರಕವ್ಯವಹಾರ.

ಖಾತವ್ಯವಹಾರವು ಇನ್ನೂ ಗಮನಾರ್ಹ. ಮೇಲೆ 12 ಹಸ್ತ, ತಳದಲ್ಲಿ 6 ಹಸ್ತ ಭುಜವುಳ್ಳ, 5 ಹಸ್ತ ಆಳದ ಚೌಕ ಬಾವಿಯೊಂದನ್ನು ಅಗೆದರೆಂದು ಭಾವಿಸೋಣ. ಭುಜಗಳ ಸರಾಸರಿಯಿಂದ ಬರುವ 'ಕರ್ಮಾಂತಿಕ' ಫಲವು 405 ಘನಹಸ್ತ. ಕ್ಷೇತ್ರಫಲಗಳ ಸರಾಸರಿಯಿಂದ ಬರುವ 'ಔಂಡ್ರ' ಫಲವು 450. ಇವುಗಳ ಅಂತರದ ಮೂರನೆಯ ಒಂದು ಭಾಗವನ್ನು ಮೊದಲನೆಯದಕ್ಕೆ ಕೂಡಿಸಿದರೆ ದೊರೆಯುವ 420 ಸೂಕ್ಷ್ಮಫಲ. ಮೊದಲ ಲೆಕ್ಕದಿಂದ ಕೂಲಿ ಕೊಟ್ಟರೆ ಅಗೆದವನಿಗೆ ನಷ್ಟ, ಎರಡನೆಯದರಿಂದ ಅಗೆಸಿದವನಿಗೆ ನಷ್ಟ. ರೂಢಿಯ ಲೆಕ್ಕವನ್ನು ತಿರಸ್ಕರಿಸದೆ, ಅದರಿಂದಲೇ ಸತ್ಯಕ್ಕೆ ಕರೆದೊಯ್ಯುವ ಬೋಧನಕ್ರಮವಿದು.

ಹನ್ನೆರಡನೆಯ ಶತಮಾನದ ಜೈನಕವಿ ರಾಜಾದಿತ್ಯನು 'ವ್ಯವಹಾರಗಣಿತ'ದ ಮೂಲಕ ಈ ವಿದ್ಯೆಯನ್ನು ಕನ್ನಡಕ್ಕೆ ತಂದನು.

ಗ್ರಂಥಸಂಪಾದನೆಗೂ ಉದಾಹರಣೆಗಳು ಆಧಾರವಾಗಬಲ್ಲವು. ಅನ್ಯತ್ರ ಇಪ್ಪತ್ತೈದನ್ನು ಸೂಚಿಸುವ 'ತತ್ತ್ವ' ಶಬ್ದವು ಮಹಾವೀರಾಚಾರ್ಯರಲ್ಲಿ ಜೈನಸಿದ್ಧಾಂತಾನುಸಾರ ಏಳನ್ನು ಸೂಚಿಸುತ್ತದೆ. ಸಂದೇಹ ಬಂದಲ್ಲಿ ಲೆಕ್ಕವನ್ನು ಮಾಡಿ ನೋಡಿದರೆ, ಯಾವ ಅರ್ಥವು ಸಲ್ಲುವುದೆಂಬುದನ್ನು ಉತ್ತರವೇ ತಿಳಿಸುತ್ತದೆ. ಓಲೆಯ ಅಕ್ಷರವು ಸವೆದಲ್ಲಿಯೂ ಇದೇ ಮಾರ್ಗವು ಸಾಧು. ಆದುದರಿಂದ ಉದಾಹರಣೆಗಳನ್ನು ಕೈಬಿಟ್ಟು ಸೂತ್ರಗಳನ್ನಷ್ಟೇ ಪ್ರಕಟಿಸಿದರೆ, ಬೋಧನೆಯ ಇತಿಹಾಸದೊಡನೆ ಪಾಠನಿರ್ಣಯದ ಸಾಕ್ಷಿಯೂ ನಷ್ಟವಾಗುತ್ತದೆ.